ದುರ್ಗದ ಸೀಮೆಯ ಸಕ್ಕರೆ ಆರತಿ

ಚಿತ್ರದುರ್ಗವೆಂದೊಡನೆ ಮನಸ್ಸಿನಲ್ಲಿ ಮೂಡುವುದು ಕಲ್ಲು. ಬಂಡೆಯ ಮೇಲೆ ಬಂಡೆಯನ್ನೇರಿಸಿ ಪ್ರಕೃತಿಯೇ ಅರ್ಧ ಕಟ್ಟಿ, ಉಳಿದರ್ಧವನ್ನು ಪಾಳೆಯಗಾರರಿಗೆ ಬಿಟ್ಟಂತಿರುವ ಏಳು ಸುತ್ತಿನ ಕೋಟೆ. ಒನಕೆ ಓಬವ್ವನ ಕಿಂಡಿ. 1779ರಲ್ಲಿ ಹೈದರಾಲಿಗೆ ಸೋತ ಮದಕರಿನಾಯಕನ ನೆನಪು. ಪ್ರವಾಸಿಗರು ಇಷ್ಟನ್ನು ಕಂಡು, ಬಿಸಿಲಿಗೆ ಬಳಲಿ, ಸಂಜೆಯ ಬಸ್ಸಿಗೆ ಹಿಂದಿರುಗುವುದು ವಾಡಿಕೆ. ಆದರೆ ದೀಪಾವಳಿ ಕಳೆದ ಮೇಲಿನ ಎರಡು ವಾರಗಳಲ್ಲಿ ಇಲ್ಲಿಗೆ ಬಂದವರು ಕೋಟೆಯಿಂದಿಳಿದು ಪೇಟೆಯ ಕಡೆಗೂ ಹೆಜ್ಜೆ ಹಾಕಬೇಕು. ಕಲ್ಲಿನ ಊರಿನಲ್ಲಿ, ನಾಲಿಗೆಯ ಮೇಲಿಟ್ಟರೆ ಕರಗುವ ಶಿಲ್ಪವೊಂದು ಆಗ ಮಾರಾಟಕ್ಕಿರುತ್ತದೆ.

ಅದೇ ಸಕ್ಕರೆ ಆರತಿ. ಆನೆ, ಗಿಳಿ, ನವಿಲು, ಗೋಪುರ, ತೇರು, ತುಳಸಿಕಟ್ಟೆ: ಎಲ್ಲವೂ ಸಕ್ಕರೆಯವೇ. ಕೆಲವು ಹಾಲಿನಂತೆ ಬೆಳ್ಳಗೆ. ಕೆಲವಕ್ಕೆ ಗುಲಾಬಿ, ಹಳದಿ ಬಣ್ಣ. ಮೈಸೂರು, ಬೆಂಗಳೂರಿನ ಮನೆಗಳಲ್ಲಿ ಇವು ಸಂಕ್ರಾಂತಿಯ ಎಳ್ಳುಬೆಲ್ಲದ ಜೊತೆಗೆ ಬರುವ ಸಕ್ಕರೆ ಅಚ್ಚುಗಳು. ಈ ಸೀಮೆಯಲ್ಲಿ, 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ದಾವಣಗೆರೆಯಲ್ಲಿ, ಅಲ್ಲಿಂದಾಚೆ ಹಾವೇರಿ ಧಾರವಾಡಗಳವರೆಗೆ, ಇವುಗಳ ಹಬ್ಬ ಕಾರ್ತಿಕದ ಗೌರಿ ಹುಣ್ಣಿಮೆ. ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆಯ ಗೊಂಬೆಗಳನ್ನು ಜೋಡಿಸಿ, ನಡುವೆ ದೀಪವಿರಿಸಿ, ಹಾಡುತ್ತ ಗೌರಿಯ ಸನ್ನಿಧಿಗೆ ಹೋಗಿ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯೊಡನೆ ಸಕ್ಕರೆ ಆರತಿಯನ್ನು ಒಯ್ದು ಕೊಡುವ ಸಂಪ್ರದಾಯ ಹಲವು ಮನೆತನಗಳಲ್ಲುಂಟು. ಪೂಜೆ ಮುಗಿದ ಮೇಲೆ ಆನೆಯ ಸೊಂಡಿಲು ಯಾರಿಗೆ, ಗಿಳಿಯ ಕೊಕ್ಕು ಯಾರಿಗೆ ಎಂಬ ವ್ಯಾಜ್ಯವನ್ನು ತೀರಿಸುವುದು ಅಜ್ಜಿಯರ ಪಾಲಿನ ಕೆಲಸ.

ನೋಡಲು ಸುಲಭವಾದ ಈ ವಿದ್ಯೆ ಮಾಡಲು ಕಠಿನ. ಮರದ ಅಚ್ಚಿಗೆ ಎರಡು ಹೋಳುಗಳು. ಒಂದೊಂದರ ಒಳಮೈಯಲ್ಲೂ ಆಕೃತಿಯ ಅರ್ಧಭಾಗ ಕೊರೆದಿರುತ್ತದೆ. ಅವನ್ನು ಮೊದಲೇ ನೀರಿನಲ್ಲಿ ನೆನೆಹಾಕಬೇಕು. ಒಣ ಮರಕ್ಕೆ ಪಾಕ ಅಂಟಿದರೆ ನವಿಲಿನ ಗರಿ ಅಚ್ಚಿನಲ್ಲೇ ಉಳಿದೀತು. ನೆನೆದ ಹೋಳುಗಳನ್ನು ಜೋಡಿಸಿ, ದಾರದಿಂದ ಬಿಗಿದು, ಬಾಯಿ ಮೇಲಾಗಿ ನಿಲ್ಲಿಸುತ್ತಾರೆ. ಇತ್ತ ಸಕ್ಕರೆಗೆ ನೀರು ಬೆರೆಸಿ ಒಲೆಯ ಮೇಲಿಟ್ಟು, ಕುದಿಯುವಾಗ ತುಸು ಹಾಲು ಹಾಕುತ್ತಾರೆ. ಹಾಲು ಒಡೆದು, ಸಕ್ಕರೆಯ ಕೊಳೆಯನ್ನು ಹಿಡಿದುಕೊಂಡು ನೊರೆಯಾಗಿ ತೇಲುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿದರೆ ತಿಳಿಯಾದ ಪಾಕ ಸಿದ್ಧ.

ಇನ್ನು ಮುಂದಿನದೇ ಪರೀಕ್ಷೆ. ಸೋಸಿದ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಸಣ್ಣ ಪಾತ್ರೆಯಲ್ಲಿ ಕಾಯಿಸಿ, ಬಿಡದೆ ಕೈಯಾಡಿಸಬೇಕು. ಕದಡದೆ ಬಿಟ್ಟ ಪಾಕ ನಿಧಾನವಾಗಿ ದಪ್ಪ ಹರಳುಗಟ್ಟಿ ಕಲ್ಲುಸಕ್ಕರೆಯಾಗುವುದು. ಕೈಯಾಡಿಸಿದಾಗ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಮ್ಮೆಗೇ ಹುಟ್ಟುತ್ತವೆ. ಗೊಂಬೆಯ ನುಣುಪಿಗೂ ಬಿಳುಪಿಗೂ ಇದೇ ಕಾರಣ. ಪಾತ್ರೆಯ ಅಂಚಿನಲ್ಲಿ ಪಾಕ ಬೆಳ್ಳಗಾಗತೊಡಗಿದ ಕ್ಷಣವೇ ಅಚ್ಚಿಗೆ ಸುರಿಯಬೇಕು. ಮೊದಲೇ ಸುರಿದರೆ ಗೊಂಬೆ ಗಟ್ಟಿಯಾಗದು. ತಡವಾದರೆ ಪಾಕ ಪಾತ್ರೆಯಲ್ಲೇ ಕಲ್ಲಾಗುವುದು. ಆ ಕ್ಷಣವನ್ನು ಗಡಿಯಾರ ತಿಳಿಸಲಾರದು. ಕಣ್ಣು ತಿಳಿಸಬೇಕು, ಸೌಟು ಹಿಡಿದ ಕೈ ತಿಳಿಸಬೇಕು. ಸುರಿದ ಕೆಲವು ನಿಮಿಷಗಳಲ್ಲಿ ದಾರ ಬಿಚ್ಚಿದರೆ, ಇನ್ನೂ ಬೆಚ್ಚಗಿರುವ ಆನೆಯೊಂದು ಅಂಗೈಗೆ ಬರುತ್ತದೆ.

ಸಕ್ಕರೆಯಿಂದ ರೂಪ ಕಡೆಯುವ ಆಸೆ ಕನ್ನಡನಾಡಿಗೆ ಮಾತ್ರ ಸೇರಿದ್ದಲ್ಲ. ಪಾಶ್ಚಾತ್ಯರು ಮೊಟ್ಟೆಯ ಬಿಳಿಗೆ ನುಣುಪಾದ ಸಕ್ಕರೆಪುಡಿ ಹಾಕಿ ಕಡೆದು, ‘ರಾಯಲ್ ಐಸಿಂಗ್’ ಎಂಬ ಲೇಪ ಮಾಡಿ, ಬಿಸ್ಕತ್ತುಗಳ ಮೇಲೆ ರಂಗವಲ್ಲಿಯಂತೆ ಎಳೆ ಬಿಡುತ್ತಾರೆ. ಮೆಕ್ಸಿಕೋದವರು ನವೆಂಬರ್ ತಿಂಗಳ ಮೊದಲಲ್ಲಿ, ಹೆಚ್ಚುಕಡಮೆ ನಮ್ಮ ಕಾರ್ತಿಕದ ವೇಳೆಗೇ, ಅಗಲಿದ ಹಿರಿಯರ ನೆನಪಿಗೆ ಸಕ್ಕರೆಯ ತಲೆಬುರುಡೆಗಳನ್ನು ಅಚ್ಚಿನಲ್ಲೊತ್ತಿ ಅದೇ ಲೇಪದಿಂದ ಸಿಂಗರಿಸುತ್ತಾರೆ. ಅಲ್ಲಿ ಅಲಂಕಾರ ಹೊರಗಿನಿಂದ ಬರುವುದು. ದುರ್ಗದ ಗೊಂಬೆಯ ಅಲಂಕಾರವೆಲ್ಲ ಅಚ್ಚಿನೊಳಗೇ ಅಡಗಿರುವುದು.

ಈ ಸವಿ ಹುಟ್ಟಿದ ನೆಲ ಎಂತಹುದೆಂದು ತಿಳಿಯಲು ಮುಂದಿನ ಊರುಗಳನ್ನೂ ನೋಡಬೇಕು. ಪಶ್ಚಿಮಕ್ಕೆ ಹೊಳಲ್ಕೆರೆ, ಬಯಲಿನಲ್ಲಿ ಕುಳಿತ ಬೃಹತ್ ಗಣಪತಿ, ಸುತ್ತ ಅಡಿಕೆಯ ತೋಟಗಳು. ದಕ್ಷಿಣಕ್ಕೆ ಹೊಸದುರ್ಗ, ಅದು ತೆಂಗಿನ ನಾಡು. ಅಲ್ಲಿಂದ ವೇದಾವತಿಯ ಜಾಡು ಹಿಡಿದು ಹಿರಿಯೂರಿನ ಕಡೆ ಹೊರಟರೆ ಮಾರಿಕಣಿವೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಇಲ್ಲಿನ ಕಟ್ಟೆಗೆ ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು. 1933ರಲ್ಲಿ ಒಮ್ಮೆ ಕೋಡಿ ಹರಿದ ಈ ಸಾಗರ ಮತ್ತೆ ತುಂಬಿ ಹರಿದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ! 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಈ ನೀರನ್ನು ನಂಬಿ ಹಿರಿಯೂರಿನ ಬಯಲು ಕಬ್ಬು ಬೆಳೆಯಿತು, ಸಕ್ಕರೆ ಕಾರ್ಖಾನೆಯೂ ಎದ್ದಿತು. ಆದರೆ ಕಾರ್ಖಾನೆ ನಿಂತು ಬಹುಕಾಲವಾಯಿತು. ಮಳೆಯ ಮುಖ ನೋಡಿ ಬದುಕುವ ಇಂತಹ ಸೀಮೆಯಲ್ಲಿ ಸಿಹಿಯೆಂಬುದು ದಿನದ ಊಟವಾಗಿರದೆ ಹಬ್ಬದ ಭಾಗ್ಯವಾಗಿತ್ತು. ಅದನ್ನು ಸುಮ್ಮನೆ ತಿನ್ನದೆ, ಆನೆಯಾಗಿ ತೇರಾಗಿ ರೂಪಿಸಿ, ದೇವಿಗೆ ಬೆಳಗಿ, ಹಂಚಿ ತಿಂದರೆಂಬುದರಲ್ಲಿ ಆಶ್ಚರ್ಯವೇನಿದೆ?

ಈಗ ಸಕ್ಕರೆಗೆ ಬರವಿಲ್ಲ. ಬೇಕರಿಗಳು ಬೀದಿಬೀದಿಗೂ ಇವೆ. ಸಿದ್ಧ ಆರತಿ ಅಂಗಡಿಯಲ್ಲಿ ದೊರೆಯುತ್ತದೆ. ಮರದ ಅಚ್ಚಿನ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಅಚ್ಚು ಬಂದಿದೆ. ಬರ ಬಂದಿರುವುದು ಪಾಕದ ಹದ ಬಲ್ಲ ಕೈಗಳಿಗೆ. ವರ್ಷಕ್ಕೆ ಕೆಲವೇ ದಿನಗಳ ದುಡಿಮೆಯನ್ನು ನಂಬಿ ಮಕ್ಕಳು ಆ ಕೆಲಸಕ್ಕೆ ಕೂರಲಾರರು; ಅದು ಅವರ ತಪ್ಪೂ ಅಲ್ಲ. ಆದರೆ ಮನೆಯ ಅಟ್ಟದ ಮೇಲೆ ಅತ್ತೆಯ ಕಾಲದ ಒಂದು ಜೊತೆ ಅಚ್ಚು ಇದ್ದವರು, ಮುಂದಿನ ಹುಣ್ಣಿಮೆಗಾದರೂ ಅದನ್ನಿಳಿಸಿ ನೀರಿನಲ್ಲಿ ನೆನೆಹಾಕಬಹುದು. ಮೊದಲ ನಾಲ್ಕು ಗೊಂಬೆಗಳು ಮುರಿದಾವು. ಮುರಿದರೇನು, ಮಕ್ಕಳ ಬಾಯಿಗೆ ಅವೂ ಸಿಹಿಯೇ. ಐದನೆಯ ಹೊತ್ತಿಗೆ ಕೈಗೆ ಹದ ತಿಳಿದೀತು.