ಮನಿಯಾರ್ಡರ್ ಚೀಟಿ

ನಮ್ಮ ಮನೆಯಲ್ಲಿ ತಂದೆಯವರನ್ನು 'ಅಣ್ಣ' ಎಂದು ಕರೆಯುವುದು ರೂಢಿ. ಕರೆಯುವುದು ಎಂದೆನಾದರೂ, ನಾನಾಗಿ ಅವರನ್ನು ಕರೆದು ಮಾತನಾಡಿಸಿದ ಸಂದರ್ಭಗಳು ಬೆರಳೆಣಿಕೆಯಷ್ಟು. ಅವರು ಹೊಲದಿಂದ ಬಂದು ಜಗಲಿಯ ಮೇಲೆ ಕುಳಿತರೆಂದರೆ ನಾವು ಮಕ್ಕಳು ನಡುಮನೆಗೆ ಸರಿಯುತ್ತಿದ್ದೆವು. ಪುಸ್ತಕ ಬೇಕಾದರೂ, ಜಾತ್ರೆಗೆ ಹೋಗಬೇಕಾದರೂ ನಮ್ಮ ಅರ್ಜಿ ತಾಯಿಯವರ ಮೂಲಕವೇ ಸಲ್ಲಬೇಕು; ತೀರ್ಪೂ ಅವರ ಮೂಲಕವೇ ಬರಬೇಕು. ಅಣ್ಣ ಕೂಡ ತಮ್ಮ ತಂದೆಯ ಎದುರಿಗೆ ಎಂದೂ ಕುಳಿತವರಲ್ಲವಂತೆ.

1978ರಲ್ಲಿ ನಾನು ಕನ್ನಡ ಎಂ.ಎ. ಓದಲು ಮೈಸೂರಿನ ಮಾನಸಗಂಗೋತ್ರಿಗೆ ಸೇರಿದೆ. ನಾನು ಹೊಲ ನೋಡಿಕೊಳ್ಳಲಿ ಎಂಬುದು ಅಣ್ಣನ ಇಚ್ಛೆಯಾಗಿತ್ತು. ಆದರೂ ಅವರು ತಡೆಯಲಿಲ್ಲ. ಮನಸಾರೆ ಒಪ್ಪಿದರೋ ಇಲ್ಲವೋ ಅದೂ ತಿಳಿಯಲಿಲ್ಲ. ಪ್ರತಿ ತಿಂಗಳೂ 75 ರೂಪಾಯಿಗಳ ಮನಿಯಾರ್ಡರ್ ಮಾತ್ರ ತಪ್ಪದೆ ಬರುತ್ತಿತ್ತು. ಆ ನಮೂನೆಯಲ್ಲಿ ನಾಲ್ಕು ಮಾತು ಬರೆಯಲು ಸ್ವಲ್ಪ ಜಾಗವಿರುತ್ತಿತ್ತು. ಅಣ್ಣ ಅಲ್ಲಿ 'ಕ್ಷೇಮ. ಹಣ ಕಳಿಸಿದೆ' ಎಂದಷ್ಟೇ ಬರೆಯುತ್ತಿದ್ದರು. ಗೆಳೆಯರಿಗೆ ಅವರ ತಂದೆಯರಿಂದ ಪುಟ ತುಂಬ ಪತ್ರಗಳು ಬರುವುದನ್ನು ಕಂಡಾಗ ನನಗೆ ಒಳಗೊಳಗೇ ನೋವಾಗುತ್ತಿತ್ತು. ಆ ಚೂರು ಕಾಗದವನ್ನು ಓದಿ ಎಸೆದುಬಿಡುತ್ತಿದ್ದೆ.

1996ರಲ್ಲಿ ಅಣ್ಣ ತೀರಿಕೊಂಡರು. ಉತ್ತರಕ್ರಿಯೆಗಳು ಮುಗಿದ ಮೇಲೆ ಅವರ ಟ್ರಂಕನ್ನು ತೆರೆದೆ. ಕಂದಾಯದ ರಸೀತಿಗಳ ಕೆಳಗೆ, ದಾರದಿಂದ ಬಿಗಿದ ಒಂದು ಸಣ್ಣ ಕಟ್ಟಿತ್ತು. ಹಣ ಪಡೆದವನು ರುಜು ಮಾಡಿದ ಚೀಟಿಯನ್ನು ಅಂಚೆಯವರು ಕಳುಹಿಸಿದವರಿಗೆ ಮರಳಿಸುವುದು ಆಗಿನ ಪದ್ಧತಿ. ಎರಡು ವರ್ಷಗಳ ಅಷ್ಟೂ ಚೀಟಿಗಳು ಅಲ್ಲಿದ್ದವು. ಮಗನ ರುಜುವನ್ನು ತಂದೆ ಹದಿನಾರು ವರ್ಷ ಕಾಪಾಡಿದ್ದರು. ತಂದೆಯ ಅಕ್ಷರಗಳಲ್ಲಿ ಒಂದನ್ನಾದರೂ ಮಗ ಉಳಿಸಿಕೊಂಡಿರಲಿಲ್ಲ.

ನನ್ನ ಮಗ ನನ್ನನ್ನು 'ಅಪ್ಪಾ, ನೀನು' ಎಂದೇ ಮಾತನಾಡಿಸುತ್ತಾನೆ. ಅವನು ಇಂಜಿನಿಯರಾಗಲೆಂದು ನಾನು ಹಟ ಹಿಡಿದಾಗ, "ತಾತ ತಡೆದಿದ್ದರೆ ನೀನು ಕನ್ನಡ ಓದುತ್ತಿದ್ದೆಯಾ?" ಎಂದು ಎದುರಿಗೇ ಕೇಳಿದ. ನನಗೆ ಸಿಟ್ಟು ಬಂತು. ಬಳಿಕ ಯೋಚಿಸಿದೆ: ನಾನು ತಾಯಿಯ ಕಿವಿಯಲ್ಲಿ ಉಸುರಿದ ಮಾತನ್ನು ಇವನು ನನ್ನ ಮುಖ ನೋಡುತ್ತ ಹೇಳಿದ್ದಾನೆ. ಇದು ಅವಿಧೇಯತೆಯಲ್ಲ, ತಂದೆ ತನ್ನ ಮಾತು ಕೇಳಿಯಾನೆಂಬ ನಂಬಿಕೆ. ಅವನು ತನಗೆ ಬೇಕಾದುದನ್ನೇ ಓದಿದ.

ತಂದೆಮಕ್ಕಳ ನಡುವಿನ ಭಯ ಅಳಿದದ್ದು ಒಳ್ಳೆಯದೇ ಆಯಿತು. ಆದರೆ ಮಾತಿಲ್ಲದ ಆ ಕಾಲದಲ್ಲಿ ಪ್ರೀತಿಯೂ ಇರಲಿಲ್ಲವೆಂದು ಯಾರೂ ಭಾವಿಸಬಾರದು.

ಒಮ್ಮೆ ಆ ಕಟ್ಟನ್ನು ಮಗನಿಗೆ ತೋರಿಸಿದೆ. ಅವನು ಚೀಟಿಗಳನ್ನು ಒಂದೊಂದಾಗಿ ನೋಡಿ, "ಅಪ್ಪಾ, ತಾತನ ಜೊತೆ ನೀನು ಒಮ್ಮೆಯೂ ಕುಳಿತು ಮಾತನಾಡಲಿಲ್ಲವೇ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.