ಕಪ್ಪೆಯ ಎದೆಬಡಿತ

ಮಳೆ ಕೈಕೊಟ್ಟ ವರ್ಷ ಮನ್ನಳ್ಳಿಯ ಹುಡುಗರು ಒನಕೆಗೆ ಕಪ್ಪೆ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಹೆಂಗಸರು ಕಪ್ಪೆಯ ಮೇಲೆ ಚೊಂಬು ನೀರು ಸುರಿದು, ಬೊಗಸೆ ಜೋಳ ನೀಡಿ ಕಳಿಸುವರು. ಹಾಗೆ ಒನಕೆ ಹೊತ್ತವರಲ್ಲಿ ಒಬ್ಬ ಮುಂದೆ ಬೀದರಿಗೆ ಓದಲು ಹೋದ, ಕೊನೆಗೆ ಶರೀರಕ್ರಿಯೆ ಕಲಿಸುವ ಮಾಸ್ತರನಾದ. ತನ್ನ ಕೈಯಿಂದ ಎಷ್ಟು ಕಪ್ಪೆಗಳ ಎದೆ ತೆರೆಸಿದನೋ, ಲೆಕ್ಕ ಅವನಿಗೇ ಉಳಿದಿಲ್ಲ.

ಮೊದಲ ದಿನ ಕೈ ನಡುಗಿತ್ತು. ತಲೆಯ ಹಿಂದೆ ಸೂಜಿ ಚುಚ್ಚಿ ಮಿದುಳನ್ನೂ ಬೆನ್ನುಹುರಿಯನ್ನೂ ನಾಶ ಮಾಡಬೇಕು. ಆಮೇಲೂ ಎದೆಯೊಳಗೆ ಆ ಪುಟ್ಟ ಗುಂಡಿಗೆ ಬಡಿಯುತ್ತಲೇ ಇರುತ್ತದೆ. ಅದರ ತುದಿಗೆ ಕೊಕ್ಕೆ ಸಿಕ್ಕಿಸಿ, ದಾರದಿಂದ ಸನ್ನೆಕಡ್ಡಿಗೆ ಕಟ್ಟಿದರೆ, ಸೀಮೆಎಣ್ಣೆಯ ಮಸಿ ಹಿಡಿಸಿದ ಕಾಗದದ ಮೇಲೆ ಬಿಳಿ ಗೆರೆ ಏರಿಳಿಯುತ್ತದೆ. ತಣ್ಣನೆಯ ದ್ರಾವಣ ಹನಿಸಿದರೆ ಬಡಿತ ನಿಧಾನ, ಬೆಚ್ಚಗಿನದು ಹನಿಸಿದರೆ ಓಟ. ಹತ್ತು ಡಿಗ್ರಿ ಏರಿದರೆ ಬಡಿತ ಹೆಚ್ಚುಕಡಿಮೆ ಇಮ್ಮಡಿ. ಬೀದರಿನ ಏಪ್ರಿಲ್‌ನಲ್ಲಿ ಬಿಸಿ ಮಾಡುವ ಕಷ್ಟವಿರಲಿಲ್ಲ, ಐಸ್ ಹುಡುಕುವುದೇ ಕಷ್ಟ. ಅಡ್ರಿನಲಿನ್ ಹನಿಗೆ ಗೆರೆ ಜಿಗಿಯುವುದು, ಅಸಿಟೈಲ್‌ಕೋಲಿನ್‌ಗೆ ಮಲಗುವುದು, ಪೊಟ್ಯಾಸಿಯಂ ಹೆಚ್ಚಾದರೆ ಗುಂಡಿಗೆ ಸಡಿಲಾಗಿ ನಿಂತೇಬಿಡುವುದು.

ಆ ದ್ರಾವಣಕ್ಕೂ ಒಂದು ಕಥೆಯಿದೆ. 1880ರ ದಶಕದ ಆರಂಭದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಉಪ್ಪುನೀರಿನಲ್ಲಿ ಕಪ್ಪೆಯ ಗುಂಡಿಗೆ ಬಹಳ ಹೊತ್ತು ಬಡಿಯುವುದನ್ನು ಕಂಡ. ಸಹಾಯಕ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಸಿದ್ದು ಆಮೇಲೆ ತಿಳಿಯಿತು. ನಲ್ಲಿ ನೀರಿನ ಕ್ಯಾಲ್ಸಿಯಂ ಇಲ್ಲದೆ ಗುಂಡಿಗೆ ಬಡಿಯದು!

ರಜೆಗೆ ಊರಿಗೆ ಬಂದ ಮಗನನ್ನು ಅವ್ವ ಕೇಳಿದಳು: "ಆ ಜೀವಕ್ಕ ಗೊತ್ತಾತದೇನಪ್ಪಾ?"

"ಇಲ್ಲವ್ವಾ, ಮಿದುಳೇ ಇರಲ್ಲ."

"ಮತ್ತ ಗುಂಡಿಗಿ ಯಾಕ ಬಡಕೋತದ?"

ಗುಂಡಿಗೆಯನ್ನು ಬಡಿಸುವುದು ಗುಂಡಿಗೆಯೊಳಗೇ ಇದೆ ಎಂದು ವಿವರಿಸಿದ. ಅವ್ವ ಪೂರ್ತಿ ಕೇಳಿದಳು. "ಇದು ನಿಮಗ ಮೊದಲೇ ಗೊತ್ತಿತ್ತಲ್ಲ? ಮತ್ತ ವರ್ಸಾ ವರ್ಸಾ ಯಾಕ ನೋಡ್ತೀರಿ?" ಮಗ ಊಟಕ್ಕೆ ಕುಳಿತ.

ಕೆಲವು ವರ್ಷಗಳ ಮೇಲೆ ತೊಗರಿಗೆ ಔಷಧ ಹೊಡೆಯುತ್ತಿದ್ದ ಸೋದರಮಾವ ಹೊಲದಲ್ಲೇ ಕುಸಿದ. ಬಾಯಲ್ಲಿ ನೊರೆ, ಕಣ್ಣ ಪಾಪೆ ಸೂಜಿಮೊನೆ, ನಾಡಿ ಮೆಲ್ಲಗೆ. ಮಾಸ್ತರನಿಗೆ ನೋಡಿದೊಡನೆ ಗೊತ್ತಾಯಿತು: ಅಸಿಟೈಲ್‌ಕೋಲಿನ್ ಕರಗಿಸುವ ಕಿಣ್ವವನ್ನು ವಿಷ ಕಟ್ಟಿಹಾಕಿದೆ. ಇದು ಮಸಿ ಕಾಗದದ ಮೇಲೆ ಮಲಗುವ ಅದೇ ಗೆರೆ. ಬೀದರಿನ ಆಸ್ಪತ್ರೆಯಲ್ಲಿ ಅಟ್ರೋಪಿನ್ ಸೂಜಿ ಮೇಲೆ ಸೂಜಿ ಕೊಟ್ಟರು. ನಾಡಿ ಎದ್ದಿತು. ಕಪ್ಪೆಯ ಗುಂಡಿಗೆಯಲ್ಲೂ ಅಟ್ರೋಪಿನ್ ಮಾಡುವ ಕೆಲಸ ಅದೇ.

ಅವ್ವನಿಗೆ ಈಗ ಉತ್ತರ ಸಿಕ್ಕಿತೆಂದು ಅಂದುಕೊಂಡ. 1921ರಲ್ಲಿ ಆಟ್ಟೊ ಲೋವಿ ಒಂದು ಕಪ್ಪೆಯ ಗುಂಡಿಗೆಯ ವೇಗಸ್ ನರವನ್ನು ಕೆಣಕಿ, ಅದನ್ನು ತೊಯ್ಯಿಸಿದ್ದ ದ್ರವವನ್ನು ಇನ್ನೊಂದು ಗುಂಡಿಗೆಗೆ ಹಾಕಿದ, ಅದೂ ನಿಧಾನವಾಯಿತು. ನರ ರಾಸಾಯನಿಕದ ಮೂಲಕ ಮಾತಾಡುತ್ತದೆಂಬುದು ಹೀಗೆ ತಿಳಿದದ್ದು. 1936ರಲ್ಲಿ ಅವನಿಗೂ ಹೆನ್ರಿ ಡೇಲ್‌ಗೂ ನೊಬೆಲ್ ಬಂತು. ಆ ಕಪ್ಪೆಗಳ ಋಣ ಮಾವನ ಮೇಲಿದೆ. ಇದನ್ನೆಲ್ಲ ಹೇಳಿದಾಗ ಅವ್ವ ಕೈಮುಗಿದಳು. "ಅವು ಪುಣ್ಯದವು" ಅಂದಳು. "ನಿನ್ನ ಹುಡುಗರು ಕೊಯ್ಯೋವು?"

ಇದಕ್ಕೆ ಮಾತ್ರ ಉತ್ತರವಿರಲಿಲ್ಲ. ಪುಸ್ತಕದಲ್ಲಿ ಅಚ್ಚಾದ ಗೆರೆಯನ್ನೇ ಪ್ರತಿ ತಂಡವೂ ಮತ್ತೆ ಎಳೆಯುತ್ತಿತ್ತು. ಸರಿ ಬಾರದಿದ್ದರೆ ಇನ್ನೊಂದು ಕಪ್ಪೆ. ಕೈ ಪಳಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಅಂಕಕ್ಕಾಗಿ ಪಕ್ಕದವನ ಗೆರೆ ನಕಲು ಮಾಡಿದವರೂ ಕಡಿಮೆಯಿರಲಿಲ್ಲ.

ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿ ಕೊಯ್ಯುವುದನ್ನು ಯುಜಿಸಿ 2014ರಲ್ಲಿ ನಿಲ್ಲಿಸಿತು. ಇವನ ಪ್ರಯೋಗಾಲಯಕ್ಕೂ ಕಂಪ್ಯೂಟರ್ ಬಂತು. ಗುಂಡಿ ಒತ್ತಿದರೆ ಪರದೆಯ ಮೇಲೆ ಅಡ್ರಿನಲಿನ್ ಹನಿ ಬೀಳುತ್ತದೆ, ಗೆರೆ ಜಿಗಿಯುತ್ತದೆ, ಒಮ್ಮೆಯೂ ತಪ್ಪುವುದಿಲ್ಲ. "ನಿಜದಾಗೂ ಹಿಂಗೇ ಇರ್ತದ್ರೀ ಸರ್?" ಎಂದು ಒಬ್ಬ ಹುಡುಗಿ ಕೇಳಿದಳು. ಹೀಗೇ ಎಂದು ಹೇಳಿ ಮುಂದಿನ ಬೆಂಚಿಗೆ ಹೋದ.

ಅವ್ವ ಈಗಿಲ್ಲ. ಮನ್ನಳ್ಳಿಯ ಮನೆಯ ಟ್ರಂಕಿನಲ್ಲಿ ಅವನ ಮೊದಲ ಮಸಿ ಕಾಗದ ಸುರುಳಿಯಾಗಿ ಬಿದ್ದಿದೆ. ಮುಟ್ಟಿದರೆ ವಾರ್ನಿಷ್ ಉದುರುತ್ತದೆ. ಗೆರೆಯ ಕೆಳಗೆ ಉಷ್ಣತೆ, ದಿನಾಂಕ, ಅವನ ರೋಲ್ ನಂಬರ್ ಇವೆ.