ಯಾರ ಮಾಲು ಅಂತ ಕೇಳದೆ ಹೋದೆವು

ಅರಬೈಲ್ ಘಟ್ಟದ ತಿರುವಿನಲ್ಲಿ ನಿಂತು ಲಾರಿ ಎಣಿಸಿದವರು ನಾವು. ಬಳ್ಳಾರಿ ಹೊಸಪೇಟೆ ಕಡೆಯಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ಲಾರಿಗಳು. ಹೊಟ್ಟೆ ತುಂಬ ಅದಿರು. ಹಗಲೂ ಇಲ್ಲ, ರಾತ್ರಿಯೂ ಇಲ್ಲ. ರಸ್ತೆ ಬದಿಯ ಎಲೆ ಕೆಂಪು, ಒಣಗಹಾಕಿದ ಬಟ್ಟೆ ಕೆಂಪು, ಕೆಮ್ಮಿ ಉಗುಳಿದ್ದೂ ಕೆಂಪು. 'ಇದೆಲ್ಲ ಎಲ್ಲಿಗೆ ಹೋಗ್ತದೆ?' ಅಂದರೆ, 'ಚೀನಾಕ್ಕೆ ಮಾರಾಯ' ಅಂತ ಡ್ರೈವರ್ ನಗುತ್ತಿದ್ದ. ಯಾರ ಮಾಲು ಅಂತ ನಾವು ಕೇಳಲಿಲ್ಲ. ಚಾ ಮಾರಿದೆವು, ಚಿಲ್ಲರೆ ಎಣಿಸಿಕೊಂಡೆವು.

ಮಾಲಿನ ಧಣಿಗಳು ಶಾಸನಸಭೆಯಲ್ಲೇ ಕೂತಿದ್ದರು. 2008ರಲ್ಲಿ ಮಂತ್ರಿಯಾದ ಗಾಲಿ ಜನಾರ್ದನ ರೆಡ್ಡಿಯವರದೇ ಓಬಳಾಪುರಂ ಗಣಿ ಕಂಪನಿ. ಘಟ್ಟದ ಕೆಳಗೆ ಬೇಲೆಕೇರಿ ಬಂದರಿನಲ್ಲಿ 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಲಕ್ಷಗಟ್ಟಲೆ ಟನ್ ಅದಿರು ಜಪ್ತಿ ಮಾಡಿತು. ಜಪ್ತಿಯಾದ ಮಾಲೇ ಹಡಗು ಹತ್ತಿ ಹೋಯಿತು! ಕಳ್ಳಮಾಲು ಹಿಡಿದ ಅಧಿಕಾರಿ ಆರ್. ಗೋಕುಲ್ ಅಮಾನತಾದರು. ಇದಕ್ಕೆ ಸಿಟ್ಟಾಗಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಹಿಂತೆಗೆದುಕೊಂಡರು.

ಆ ಪ್ರಕರಣದಲ್ಲಿ ಶ್ರೀ ಮಲ್ಲಿಕಾರ್ಜುನ ಶಿಪ್ಪಿಂಗ್ ಕಂಪನಿಯ ಸತೀಶ್ ಸೈಲ್ ಆರೋಪಿಯಾದರು. 2013ರಲ್ಲಿ ಅವರೇ ಕಾರವಾರದಿಂದ ಪಕ್ಷೇತರರಾಗಿ ಗೆದ್ದು ಶಾಸಕರಾದರು. 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 7 ವರ್ಷ ಶಿಕ್ಷೆ ಕೊಟ್ಟಿತು. ನವೆಂಬರ್‌ನಲ್ಲಿ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಕೋರ್ಟಿನ ಕೆಲಸ ಕೋರ್ಟಿಗಿರಲಿ. ನಮ್ಮ ಪ್ರಶ್ನೆ ಬೇರೆ.

ಇಂಗ್ಲೆಂಡಿನ ಪಾರ್ಲಿಮೆಂಟು 1974ರಲ್ಲಿ ತೀರ್ಮಾನ ಮಾಡಿ, ಸದಸ್ಯರ ಹೊರಗಿನ ವ್ಯಾಪಾರ, ಸಂಬಳ, ಷೇರು ಬರೆದಿಡಲು ಒಂದು ದಾಖಲೆ ಪುಸ್ತಕ ತೆರೆಯಿತು. ಅದರಿಂದ ಅಲ್ಲಿನ ಸಾಹುಕಾರರೇನೂ ಸಂತರಾಗಲಿಲ್ಲ. ನಮ್ಮಲ್ಲೂ 1984ರ ಲೋಕಾಯುಕ್ತ ಕಾಯ್ದೆಯಂತೆ ಶಾಸಕರು ವರ್ಷ ವರ್ಷ ಜೂನ್ 30ರೊಳಗೆ ಆಸ್ತಿಯ ಪಟ್ಟಿ ಕೊಡಬೇಕು. ಚುನಾವಣೆಗೆ ನಿಂತಾಗ ಅಫಿಡವಿಟ್ಟೂ ಉಂಟು. ಅಂದರೆ ಆಸ್ತಿ ಎಷ್ಟು ಅಂತ ಹೇಳಿದರೆ ಆಯಿತು. ಗಣಿಗೆ ಪರವಾನಗಿ ಕೊಡುವ ಸರ್ಕಾರವೂ ಧಣಿಯದೇ, ಗಣಿಯೂ ಧಣಿಯದೇ ಆದರೆ ತಡೆಯುವವರು ಯಾರು?

ನಮ್ಮ ಹತ್ತಿರ ಎಂತ ಕೇಳ್ತಾರೆ ನೋಡಿ. ಕಾಡಂಚಿನಲ್ಲಿ ಅಜ್ಜ ಉತ್ತ ನಾಲ್ಕು ಗುಂಟೆಗೆ ಪಟ್ಟಾ ಕೇಳಿದರೆ, 2006ರ ಅರಣ್ಯ ಹಕ್ಕು ಕಾಯ್ದೆ ತೋರಿಸಿ, 'ಬುಡಕಟ್ಟಿನವರಲ್ಲ, 75 ವರ್ಷದ ಸಾಕ್ಷಿ ತನ್ನಿ' ಅನ್ನುತ್ತಾರೆ. ಹೊಲೆಗೇರಿಯ ಅಜ್ಜನ ಹೆಸರನ್ನು ಆಗ ಯಾವ ಶಾನುಭೋಗ ಬರೆದಿಟ್ಟಿದ್ದ? ಅಜ್ಜ ನೆಟ್ಟ ಹಲಸಿನ ಮರ ಉಂಟು. ಮರಕ್ಕೆ ಸಹಿ ಹಾಕಲು ಬರುವುದಿಲ್ಲ. ನಮ್ಮ ನಾಲ್ಕು ಗುಂಟೆಗೆ ಮೂರು ತಲೆಮಾರಿನ ಲೆಕ್ಕ. ಗುಡ್ಡಕ್ಕೆ ಗುಡ್ಡವೇ ನಮ್ಮ ಕಣ್ಣೆದುರು ಘಟ್ಟ ಇಳಿದು ಸಮುದ್ರ ಸೇರಿತಲ್ಲ, ಅದರ ಲೆಕ್ಕವನ್ನು ದಾರಿಯಲ್ಲಿ ಕೇಳಿದವರು ಎಷ್ಟು ಮಂದಿ?

ಗೆಳೆಯರೇ, ತಪ್ಪು ಅವರದೊಂದೇ ಅಲ್ಲ. ನಾವು ಯಲ್ಲಾಪುರದ ಮತದಾರರು, ಘಟ್ಟದ ಕೆಳಗಿನ ನಮ್ಮ ನೆಂಟರು ಕಾರವಾರದವರು. ಇಬ್ಬರೂ ಓಟು ಹಾಕುವಾಗ ಜಾತಿ ನೋಡಿದೆವು, ಚಿಹ್ನೆ ನೋಡಿದೆವು. ಅಂಗಡಿ ಯಾವುದು ಅಂತ ನೋಡಲಿಲ್ಲ. ಇನ್ನು ಮುಂದೆ ಕೈಮುಗಿದು ಕೇರಿಗೆ ಬಂದವರಿಗೆ ಮೊದಲು ನೀರು ಕೊಡೋಣ. ಆಮೇಲೆ ಕೇಳೋಣ: 'ಸ್ವಾಮಿ, ನಿಮ್ಮ ಲಾರಿ ಯಾವುದು?'